ಅಲರ್ಟ್‌ಗಳಿಗೆ ಪಿ1, ಪಿ2 ಅಂತ ದರ್ಜೆ ಬೇಕೇ?

ಪರ: ಎಲ್ಲದಕ್ಕೂ ಫೋನ್ ಕೂಗಿದರೆ ಯಾರು ಏಳುತ್ತಾರೆ?

ನಾನು ಹಾಸನದ ಮನೆಯಿಂದಲೇ ಕಂಪನಿಯ ಸಿಸ್ಟಮ್ ಕಾಯುವ ರಾತ್ರಿ ಪಾಳಿ ಮಾಡುವವನು. ಸಿಸ್ಟಮ್‌ನಲ್ಲಿ ಏನಾದರೂ ಎಡವಟ್ಟಾದರೆ ಫೋನ್‌ಗೆ ಬರುವ ಎಚ್ಚರಿಕೆಯೇ ಅಲರ್ಟ್. ಪಿ1 ಅಂದರೆ ಅತಿ ತುರ್ತು, ಪಿ4 ಅಂದರೆ ನಿಧಾನವಾದರೂ ನಡೆಯುತ್ತದೆ. ಹಿಂದಿನ ಕೆಲಸದಲ್ಲಿ ಅಲರ್ಟ್‌ಗೆ ದರ್ಜೆ ಅನ್ನೋದೇ ಇರಲಿಲ್ಲ. ಸಿಪಿಯು 70% ದಾಟಿದರೂ ಫೋನ್ ಕೂಗುತ್ತಿತ್ತು, ಪೇಮೆಂಟ್ ನಿಂತರೂ ಅದೇ ರಿಂಗ್‌ಟೋನ್. ಒಂದು ರಾತ್ರಿ ಎರಡೂವರೆಗೆ ಕೂಗಿತು. ಮತ್ತೆ ಆ ಸಿಪಿಯು ಕಾಟವೇ ಇರಬೇಕು ಅಂತ ಫೋನ್ ಮಗುಚಿ ಹಾಕಿ ಮಲಗಿದೆ. ಬೆಳಿಗ್ಗೆ ಅಮ್ಮ ಕಾಫಿ ತಂದಾಗ ನೋಡಿದರೆ 41 ಮಿಸ್ಡ್ ಕಾಲ್. ಡೇಟಾಬೇಸೇ ಬಿದ್ದುಹೋಗಿತ್ತು! ಬೈಸಿಕೊಂಡಿದ್ದು ನಾನು.

ದರ್ಜೆ ಕೊಡೋದು ಬ್ರಹ್ಮವಿದ್ಯೆ ಏನಲ್ಲ. ಎಷ್ಟು ಜನಕ್ಕೆ ತೊಂದರೆ, ಎಷ್ಟು ಬೇಗ ಸರಿಯಾಗಬೇಕು, ಇವೆರಡನ್ನು ನೋಡಿ ಅನ್ನುತ್ತದೆ ಐಟಿ ಸೇವೆ ಹೇಗೆ ನಡೆಸಬೇಕು ಅಂತ ಹೇಳುವ ಮಾರ್ಗಸೂಚಿ ಐಟಿಐಎಲ್. ಒಬ್ಬರ ಪ್ರಿಂಟರ್ ಕೆಟ್ಟರೆ ಪಿ4, ಎಲ್ಲರ ಲಾಗಿನ್ ನಿಂತರೆ ಪಿ1. ಸಿಸ್ಟಮ್‌ಗಳು ತಮ್ಮಲ್ಲಿ ಆಗಿದ್ದನ್ನು ಬರೆದಿಡುವ ಸಿಸ್‌ಲಾಗ್‌ನಲ್ಲಂತೂ 0ಯಿಂದ 7ರವರೆಗೆ ಎಂಟು ಹಂತ. 0 ಬಂದರೆ ಸಿಸ್ಟಮ್ಮೇ ಬಳಸೋಕೆ ಬರಲ್ಲ, 7 ಬರೀ ಡೀಬಗ್ ಮಾಡುವವರಿಗೆ, ಅಂದರೆ ಪ್ರೋಗ್ರಾಮಿನ ತಪ್ಪು ಹುಡುಕುವವರಿಗೆ. ಹವಾಮಾನ ಇಲಾಖೆಯೂ ಹಳದಿ, ಕಿತ್ತಳೆ, ಕೆಂಪು ಅನ್ನುತ್ತದೆ ಅಲ್ವಾ? ಸಕಲೇಶಪುರಕ್ಕೆ ದಿನಾ ಕೆಂಪು ಅಂದರೆ ಮಕ್ಕಳು ಶಾಲೆಗೆ ಹೋಗೋದು ಯಾವಾಗ? ದರ್ಜೆ ಬೇಡ ಅನ್ನುವವರು ಒಂದು ವಾರ ನನ್ನ ಫೋನ್ ಇಟ್ಟುಕೊಂಡು ಮಲಗಲಿ, ಆಮೇಲೆ ಮಾತಾಡೋಣ.

ವಿರೋಧ: ನಮ್ಮ ಡಿಸ್ಕ್ ಕತೆ

ವಿರೋಧ ಬರೀರಿ ಅಂದರು, ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ ನಮ್ಮಲ್ಲೂ ಪಿ1 ಇದೆ, ತೆಗೆದುಹಾಕಿ ಅಂತ ನಾನೂ ಹೇಳಲ್ಲ.

ಆದರೂ ಒಂದು ತಕರಾರು. ಡಿಸ್ಕ್ 85% ತುಂಬಿದೆ ಅಂತ ಬಂದ ಟಿಕೆಟ್ ಪಿ4 ಹಣೆಪಟ್ಟಿ ಹೊತ್ತು ಒಂಬತ್ತು ದಿನ ಸುಮ್ನೆ ಬಿದ್ದಿತ್ತು. ಹತ್ತನೇ ದಿನ ಡಿಸ್ಕ್ ಫುಲ್, ಆರ್ಡರ್ ಬಂದ್. ದರ್ಜೆ ಕೊಟ್ಟವರದು ತಪ್ಪಲ್ಲ, ಅವತ್ತಿಗೆ ಅದು ಪಿ4 ಆಗಿಯೇ ಇತ್ತು. ಪಿ4 ತಾನೇ ಅಂತ ಆಮೇಲೆ ಯಾರೂ ತಿರುಗಿ ನೋಡಲಿಲ್ಲ, ನಾನೂ ಸೇರಿ.

ಆಮೇಲೆ ಕಾಲ್‌ನಲ್ಲಿ ಶುರುವಾಯಿತು ನೋಡಿ. ಪಿ1 ಅಂದರೆ ಎಸ್‌ಎಲ್‌ಎ (ಇಷ್ಟು ಹೊತ್ತಲ್ಲಿ ಸರಿಮಾಡುತ್ತೇವೆ ಅಂತ ಕ್ಲೈಂಟ್‌ಗೆ ಕೊಟ್ಟ ಮಾತು) ಗಡಿಯಾರ ಜೋರಾಗಿ ಓಡುತ್ತದೆ, ಅದಕ್ಕೇ ನಮ್ಮ ಮ್ಯಾನೇಜರ್ ಪಿ2 ಅನ್ನುತ್ತಾರೆ, ತನ್ನ ಎಕ್ಸೆಲ್ ತೆರೆಯದಿದ್ದರೂ ಪಿ1 ಅನ್ನುವ ಕ್ಲೈಂಟ್ ಇವತ್ತು ಬಿಡುತ್ತಾರಾ? ಇಲ್ಲಿ ಚಿಕ್ಕಮಗಳೂರಿನ ಮಳೆಗೆ ಕರೆಂಟ್ ಹೋಗಿ ನನ್ನ ಯುಪಿಎಸ್ ಬೇರೆ ಕುಯ್ಯೋ ಅನ್ನುತ್ತಿದೆ. ಹಳೇ ಲಾಗ್ ಅಳಿಸೋಕೆ ಹಿಡಿದಿದ್ದು ಹತ್ತು ನಿಮಿಷ, ಜಗಳಕ್ಕೆ ಅರ್ಧ ಗಂಟೆ. ಇನ್ನು ರಾತ್ರಿ ನಿದ್ದೆ ಕೆಡುತ್ತದೆ ಅನ್ನುವವರು ಪಾಳಿಗೆ ಇನ್ನೊಬ್ಬರನ್ನು ಕೇಳಿಕೊಳ್ಳಲಿ.

ಆ ಡಿಸ್ಕ್ ಟಿಕೆಟ್ ಕೊನೆಗೂ ಪಿ4 ಅಂತಲೇ ಕ್ಲೋಸ್ ಆಯಿತು.