ಹಳೆ ಪಿಕಪ್ ತೆಗೆಯುವ ಮುಂಚೆ ಅದರ ಅಡಿಗೆ ನುಗ್ಗಿ ನೋಡಿ

ಅಡಿಕೆ ಕೊಟ್ಟು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಕೇರಳದ ಗಡಿಜಿಲ್ಲೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಒಂದು ಮಾತು ಏಳುತ್ತದೆ: "ಹಳೆ ಟಾಟಾ ಏಸ್ ಒಂದು ತೆಗೆದರೆ ಹೇಗೆ?" ಗೊಬ್ಬರ ತರಲು, ಅಡಿಕೆ ಗೋಣಿ ಸಾಗಿಸಲು, ಮದ್ದಿನ ಬ್ಯಾರೆಲ್ ಗುಡ್ಡೆ ಹತ್ತಿಸಲು ಸ್ವಂತ ಗಾಡಿ ಬೇಕು ಅನ್ನಿಸುವುದು ಸಹಜ. ಆದರೆ ನೋಡಲು ಹೋದವರು ಮೀಟರ್ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಸೀಟ್ ಕವರ್ ನೋಡುತ್ತಾರೆ. ಸರಕಿನ ಗಾಡಿಯ ಆಯುಸ್ಸನ್ನು ಈ ಮೂರೂ ಹೇಳುವುದಿಲ್ಲ. ಅದು ಹೊತ್ತದ್ದು ಏನು, ಎಷ್ಟು ಎಂಬುದೇ ಅದರ ಬೆಲೆ.

ಗಾಡಿ ನೋಡಲು ಹೊರಡುವ ಮುಂಚೆ ಮನೆಯಲ್ಲೇ ಕೂತು ಒಂದು ಲೆಕ್ಕ ಹಾಕಿ. ವರ್ಷಕ್ಕೆ ಎಷ್ಟು ಟ್ರಿಪ್ ಇದೆ? ಏಳೂವರೆ ಟನ್‌ಗಿಂತ ಕೆಳಗಿನ ಸರಕಿನ ಗಾಡಿಗೆ ಬರೀ ಥರ್ಡ್ ಪಾರ್ಟಿ ವಿಮೆಯೇ 2022ರ ದರಪಟ್ಟಿಯಲ್ಲಿ 16,049 ರೂಪಾಯಿ, ತೆರಿಗೆ ಬೇರೆ. ಗಾಡಿ ಶೆಡ್ಡಿನಲ್ಲೇ ನಿಂತಿದ್ದರೂ ಕಟ್ಟಬೇಕಾದ ದುಡ್ಡು ಅದು. ನಿಮ್ಮೂರಿನಲ್ಲಿ ಒಂದು ಟ್ರಿಪ್ಪಿನ ಬಾಡಿಗೆ 1,200 ಎಂದು ಹಿಡಿದರೆ ಆ ವಿಮೆಯ ದುಡ್ಡಿನಲ್ಲೇ 13 ಟ್ರಿಪ್ ಮುಗಿಯುತ್ತದೆ. ಇದರ ಮೇಲೆ ಆರ್‌ಟಿಒದ ಫಿಟ್‌ನೆಸ್ ಪರೀಕ್ಷೆ, ಟಯರ್, ಬ್ಯಾಟರಿ, ಕ್ಲಚ್. ತಿಂಗಳಿಗೆ ಎರಡೋ ಮೂರೋ ಟ್ರಿಪ್ ಇರುವ ಮನೆಗೆ ಬಾಡಿಗೆ ಗಾಡಿಯೇ ಲಾಭ ಎಂಬುದು ನನ್ನ ಖಚಿತ ಅಭಿಪ್ರಾಯ. ವಾರಕ್ಕೆ ಎರಡು ಮೂರು ಸಲ ಓಡುವಷ್ಟು ಕೆಲಸ ಇದ್ದರೆ ಮುಂದೆ ಓದಿ.

ಯಾವ ಗಾಡಿ? 2005ರಲ್ಲಿ ಬಂದ ಟಾಟಾ ಏಸ್‌ನದ್ದು 702 ಸಿಸಿಯ ಎರಡು ಸಿಲಿಂಡರ್ ಡೀಸೆಲ್ ಎಂಜಿನ್, ಶಕ್ತಿ 16 ಎಚ್‌ಪಿ, ಹೊರುವುದು 750 ಕಿಲೋ. ಬಿಡಿಭಾಗ ಎಲ್ಲಿಯೂ ಸಿಗುತ್ತದೆ, ರಿಪೇರಿ ಗೊತ್ತಿಲ್ಲದ ಮೆಕ್ಯಾನಿಕ್ ಇಲ್ಲ. ಆದರೆ ಲೋಡು ಹಾಕಿ ನಮ್ಮ ಚಡಾವು (ಏರುದಾರಿ) ಹತ್ತಿಸುವಾಗ ಅದರ ಉಸಿರು ಕಟ್ಟುತ್ತದೆ. ಮಾರುತಿ ಸೂಪರ್ ಕ್ಯಾರಿ 2016ರಲ್ಲಿ 793 ಸಿಸಿ ಡೀಸೆಲ್‌ನಲ್ಲಿ ಬಂತು, ಆ ಡೀಸೆಲ್ ಈಗ ನಿಂತಿದೆ. ನಾಲ್ಕು ಸಿಲಿಂಡರಿನ 1.2 ಲೀಟರ್ ಪೆಟ್ರೋಲ್ ಸಿಕ್ಕಿದರೆ ಅದು ನಯವಾಗಿ ಓಡುವ ಗಾಡಿ. ಟನ್ನು ದಾಟುವ ಕೆಲಸಕ್ಕೆ ಬೊಲೆರೊ ಪಿಕಪ್ ಬೇಕು. ಅದರ 2523 ಸಿಸಿ ಎಂಜಿನ್ ಗಟ್ಟಿ, ಆದರೆ ಅದರಲ್ಲಿ ಟರ್ಬೋ, ಇಂಜೆಕ್ಟರ್ ಖರ್ಚೂ ದೊಡ್ಡದು. 2020ರ ಏಪ್ರಿಲ್ ನಂತರದ, ಹೊಸ ಹೊಗೆ ನಿಯಮದ ಬಿಎಸ್ 6 ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಎಂಜಿನ್ ಚೆನ್ನಾಗಿ ಕಾದು ಸ್ವಲ್ಪ ದೂರ ಒಂದೇ ವೇಗದಲ್ಲಿ ಓಡಬೇಕು. ಮನೆಯಿಂದ ತೋಟಕ್ಕೆ ಎರಡು ಕಿಲೋಮೀಟರ್ ಹೋಗಿ ಬರುವವರಿಗೆ ಆ ಫಿಲ್ಟರ್ ಕಟ್ಟಿಕೊಂಡು ಎಚ್ಚರಿಕೆ ದೀಪ ಉರಿಯುತ್ತದೆ. ಅಂಥವರು ಪೆಟ್ರೋಲ್ ನೋಡುವುದೇ ಒಳ್ಳೆಯದು.

ಇನ್ನು ಹೊರೆಯ ಮಾತು. ಮನೆ ಕಟ್ಟುವ ಒಂದು ಮುರಕಲ್ಲು ಸುಮಾರು 30 ಕಿಲೋ ತೂಗುತ್ತದೆ. 750 ಕಿಲೋ ಎಂದರೆ 25 ಕಲ್ಲು, ಅಷ್ಟೇ. ಸಾವಿರ ಲೀಟರಿನ ನೀರಿನ ಟ್ಯಾಂಕ್ ಎಂದರೆ ನೀರೇ ಒಂದು ಟನ್, ಸಾಲದ್ದಕ್ಕೆ ತಿರುವಿನಲ್ಲಿ ತುಳುಕುತ್ತದೆ. ಕಲ್ಲು, ಹೊಯ್ಗೆ, ನೀರು ಹೊತ್ತ ಏಸ್ ಎಂದರೆ ಮಿತಿ ಮೀರಿ ಹೊತ್ತದ್ದೇ ಎಂದು ಎಣಿಸಿ. ಇನ್ನೊಂದು ಜಾತಿ ಮೀನಿನ ಗಾಡಿ. ಕರಾವಳಿಯಲ್ಲಿ ಇದು ಬಹಳ. ಐಸ್ ಕರಗಿದ ಉಪ್ಪುನೀರು ಬಾಡಿಯ ಸಂದಿನಿಂದ ಇಳಿದು ಗಾಡಿಯನ್ನು ಹೊತ್ತ ಅಡಿಯ ಕಬ್ಬಿಣದ ಚೌಕಟ್ಟಾದ ಚಾಸಿಯ ಮೇಲೆ ದಿನಾ ಬೀಳುತ್ತದೆ. ಬಣ್ಣ ಹೊಡೆದರೂ ಒಳಗಿನ ತುಕ್ಕು ನಿಲ್ಲುವುದಿಲ್ಲ. ಮೀನಿನ ಗಾಡಿ ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಬೇಡ ಎಂದೇ ಹೇಳುತ್ತೇನೆ.

ಹೀಗೆ ಹೊತ್ತ ಕುರುಹು ಅಡಿಯಲ್ಲಿ ಸಿಗುತ್ತದೆ. ಗೋಣಿ ಹಾಸಿ, ಟಾರ್ಚ್ ಮತ್ತು ಸಣ್ಣ ಸುತ್ತಿಗೆ ಹಿಡಿದು ನುಗ್ಗಿ. ಚಾಸಿಯ ಉದ್ದ ಪಟ್ಟಿಯನ್ನೂ ಅಡ್ಡಪಟ್ಟಿಗಳನ್ನೂ ಗೇಣಿಗೊಂದು ಸಲ ತಟ್ಟುತ್ತಾ ಬನ್ನಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ತುಕ್ಕು ತಿಂದಲ್ಲಿ ದಬ್ ಎಂದು ಸತ್ತ ಶಬ್ದ ಬರುತ್ತದೆ, ಕೆಲವು ಸಲ ಹಕ್ಕಳೆ ಉದುರಿ ಮುಖದ ಮೇಲೆ ಬೀಳುತ್ತದೆ. ಹೊಸದಾಗಿ ಬಳಿದ ಕಪ್ಪು ಟಾರು ಕಂಡರೆ ಅಲ್ಲೇ ಎರಡು ಸಲ ತಟ್ಟಿ. ಹಿಂದಿನ ಪ್ಲೇಟ್ ಸೆಟ್ (ಹೊರೆ ತಾಳುವ ಸ್ಪ್ರಿಂಗ್ ಪಟ್ಟಿಗಳು) ಚಾಸಿಗೆ ಸೇರುವ ಜಾಗದಲ್ಲಿ ವೆಲ್ಡಿಂಗ್ ಗುರುತು, ಬಿರುಕು, ಸುಕ್ಕು ಹುಡುಕಿ. ಪ್ಲೇಟ್‌ಗಳನ್ನು ಎಣಿಸಿ, ಬಲಕ್ಕೂ ಎಡಕ್ಕೂ. ಕಂಪನಿ ಕೊಟ್ಟದ್ದಕ್ಕಿಂತ ಒಂದು ಹೆಚ್ಚು ಇದ್ದರೆ ಆ ಗಾಡಿ ಏನು ಹೊತ್ತಿತ್ತು ಎಂದು ಯಾರನ್ನೂ ಕೇಳಬೇಕಿಲ್ಲ. ಹೊರಗೆ ಬಂದು ಕ್ಯಾಬಿನ್ನಿಗೂ ಬಾಡಿಗೂ ನಡುವಿನ ಸಂದನ್ನು ಪಕ್ಕದಿಂದ ನೋಡಿ. ಮೇಲೆ ಒಂದು ಅಳತೆ, ಕೆಳಗೆ ಇನ್ನೊಂದು ಅಳತೆ ಇದ್ದರೆ ಚಾಸಿ ಬಗ್ಗಿರುವ ಸಂಭವ ಹೆಚ್ಚು. ಬಗ್ಗಿದ ಚಾಸಿಗೆ ಮದ್ದಿಲ್ಲ, ವಾಪಸ್ ಬನ್ನಿ.

ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಮುಂಚೆಯೇ ಫೋನ್ ಮಾಡಿ "ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಎನ್ನಿ. ಏಸ್‌ನಲ್ಲಿ ಎಂಜಿನ್ ಸೀಟಿನ ಅಡಿಯಲ್ಲಿದೆ; ಸೀಟು ಎತ್ತಿ ಮುಟ್ಟಿ ನೋಡಿ. ಬಿಸಿ ಇದ್ದರೆ ಏನನ್ನೋ ಮರೆಸಲಿಕ್ಕೆ ಮೊದಲೇ ಓಡಿಸಿಟ್ಟಿದ್ದಾರೆ ಎಂಬ ಸಂಶಯ ಇರಲಿ. ರೇಡಿಯೇಟರ್ ಮುಚ್ಚಳ ತಣ್ಣಗಿದ್ದಾಗ ಮಾತ್ರ ತೆಗೆಯಿರಿ. ಹಸಿರೋ ಕೆಂಪೋ ಕೂಲೆಂಟ್ ಇರಬೇಕಾದಲ್ಲಿ ತುಕ್ಕುಬಣ್ಣದ ಬಾವಿನೀರು ಇದ್ದರೆ ಒಳಗಿನ ನೀರಿನ ದಾರಿ ಕಟ್ಟಿರಬಹುದು. ನೀರಿನ ಮೇಲೆ ಎಣ್ಣೆ ತೇಲಿದರೆ ನೀರು, ಎಣ್ಣೆ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.

ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡಿ. ಹಳೆ ಡೀಸೆಲ್‌ನಲ್ಲಿ ಮೊದಲಿಗೆ ಒಂದು ಗುಟುಕು ಕಪ್ಪು ಹೊಗೆ ಬಂದರೆ ಚಿಂತೆ ಇಲ್ಲ. ನೀಲಿ ಹೊಗೆ ನಿಲ್ಲದಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಕಾದ ಮೇಲೂ ಬಿಳಿ ಹೊಗೆ ಬಂದು ಸಿಹಿ ವಾಸನೆ ಹೊಡೆದರೆ ಕೂಲೆಂಟ್ ಉರಿಯುತ್ತಿದೆ. ಈಗ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು, ಅದೇ ಬಾಯಿಯ ಮೇಲೆ ಮಗುಚಿ ಇಡಿ. ಸಣ್ಣಗೆ ಅದುರಿದರೆ ಸರಿ. ಕುಣಿದು ಕೆಳಗೆ ಬಿದ್ದರೆ ಪಿಸ್ಟನ್ ರಿಂಗು ಸವೆದು ಗಾಳಿ ಕೆಳಗಿಳಿಯುತ್ತಿದೆ, ಎಂಜಿನ್ ಬಿಚ್ಚುವ ಕೆಲಸ ದೂರವಿಲ್ಲ. ಆ ಖರ್ಚನ್ನು ಬೆಲೆಯಿಂದ ಕಳೆಯಲೇಬೇಕು.

ಖಾಲಿ ಗಾಡಿಯನ್ನು ಡಾಂಬರು ರಸ್ತೆಯಲ್ಲಿ ಓಡಿಸಿ ನೋಡಿದರೆ ಏನೂ ತಿಳಿಯುವುದಿಲ್ಲ. ಹತ್ತು ಗೋಣಿ ಗೊಬ್ಬರವನ್ನೋ ನಾಲ್ಕಾರು ಜನರ ತೂಕದಷ್ಟು ಕಲ್ಲನ್ನೋ ಹಾಕಿಸಿ ಚಡಾವು ಹತ್ತಿಸಿ. ಎಂಜಿನ್ ಕೂಗು ಏರಿದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಕ್ಲಚ್ ನಿಧಾನಕ್ಕೆ ಬಿಟ್ಟರೆ ಎಂಜಿನ್ ನಿಲ್ಲಬೇಕು; ನಿಲ್ಲದೆ ಓಡುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಮುಂದಕ್ಕೆ, ಹಿಂದಕ್ಕೆ ಬದಲಿಸುವಾಗ ಅಡಿಯಿಂದ ಟಕ್ ಎಂದರೆ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟಿನ ಕೀಲಾದ ಕ್ರಾಸ್ ಸವೆದಿದೆ, ಇದು ಸಣ್ಣ ಖರ್ಚು. ಹಿಂದಿನಿಂದ ಒಂದೇ ಸಮನೆ ಊಳಿಟ್ಟರೆ ಹಿಂದಿನ ಆಕ್ಸೆಲಿನ ಹಲ್ಲುಚಕ್ರ, ಅಂದರೆ ಡಿಫರೆನ್ಷಿಯಲ್, ಸವೆದಿದೆ; ಅದು ದೊಡ್ಡ ಖರ್ಚು. ಮುಂದಿನ ಚಕ್ರವನ್ನು ಜಾಕಿಗೆ ಏರಿಸಿ ಮೇಲೆ, ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಚಕ್ರ ತಿರುಗಿಸುವ ಕಿಂಗ್‌ಪಿನ್ನೋ ಬೇರಿಂಗೋ ಸವೆದಿದೆ. ಟಯರಿನ ಪಕ್ಕದ ಕೊನೆಯ ನಾಲ್ಕು ಅಂಕೆ ಓದಿ: 2319 ಎಂದರೆ 2019ರ 23ನೇ ವಾರದ್ದು. ಟಯರಿನ ಗೆರೆ ಆಳ ಇದ್ದರೂ ಆರೇಳು ವರ್ಷದ ರಬ್ಬರ್ ಮಳೆಯಲ್ಲಿ ಜಾರುತ್ತದೆ.

ಗಡಿಯವರಿಗೆ ಕಾಗದದ್ದೇ ದೊಡ್ಡ ಗಂಟು. ಪುತ್ತೂರು, ಮಂಗಳೂರಿನಲ್ಲಿ ಕೆಎ 19, ಕೆಎ 21 ಗಾಡಿ ಕಡಿಮೆಗೆ ಸಿಕ್ಕಿತೆಂದು ತರುತ್ತೇವೆ. ಆದರೆ ಕಾಸರಗೋಡಿನಲ್ಲಿ ಇಟ್ಟು ಓಡಿಸುವುದಾದರೆ ಕರ್ನಾಟಕದ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣ ಪತ್ರ) ತಂದು 12 ತಿಂಗಳೊಳಗೆ ಕೆಎಲ್ 14 ನಂಬರ್ ಹಾಕಿಸಬೇಕು, ಕೇರಳದ ತೆರಿಗೆ ಕಟ್ಟಬೇಕು. ಎನ್‌ಒಸಿಗೆ ಫಾರ್ಮ್ 28, ಹೆಸರು ಬದಲಿಗೆ 29 ಮತ್ತು 30, ಸಾಲ ತೀರಿದ್ದಕ್ಕೆ ಫೈನಾನ್ಸಿನವರ ಸಹಿ ಇರುವ 35. ಕೇರಳದ ಗಾಡಿಯಾದರೆ ಮೋಟಾರು ಕಾರ್ಮಿಕರ ಕ್ಷೇಮನಿಧಿ ರಸೀದಿ ಕೇಳಲು ಮರೆಯಬೇಡಿ. ಬಾಕಿ ಇದ್ದರೆ ತೆರಿಗೆ ಕಟ್ಟಲು ಹೋದಾಗ ನಿಮ್ಮ ತಲೆಗೇ ಬರುತ್ತದೆ. ಎಂಟು ವರ್ಷದವರೆಗೆ ಫಿಟ್‌ನೆಸ್ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ. ಒಟ್ಟು ತೂಕ 3,000 ಕಿಲೋ ದಾಟದ ಗಾಡಿಗೆ ಪರ್ಮಿಟ್ ಬೇಡ. ಆರ್‌ಸಿಯಲ್ಲಿ ಆ ಅಂಕೆ ನೋಡಿಕೊಳ್ಳಿ. ಬಾಕಿ ದಂಡ ಇದೆಯೇ ಎಂದು ಇ-ಚಲನ್ ಪುಟದಲ್ಲಿ ಗಾಡಿ ನಂಬರ್ ಹಾಕಿದರೆ ಕಾಣುತ್ತದೆ.

ಚಾಸಿ ನಂಬರಿನ ಮೇಲೆ ಬಿಳಿ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ, ಮೂಡಿದ ಅಕ್ಷರಗಳನ್ನು ಆರ್‌ಸಿಯ ಜೊತೆ ಒಂದೊಂದಾಗಿ ತಾಳೆ ನೋಡಿ. ಮುಂಗಡ ಕೊಡುವುದು ಅದಾದ ಮೇಲೆ, ಅದೂ ಬ್ಯಾಂಕ್ ಮೂಲಕ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ. ಪೂರ್ತಿ ಹಣ ಎನ್‌ಒಸಿಯೂ ಸಹಿ ಆದ ಫಾರ್ಮುಗಳೂ ಕೈಗೆ ಬಂದ ದಿನ.