ತವಾನಾ, ರವಾನಾ?

ಮುಂಬಯಿಯ ಮೀನಿನ ಹೋಟೆಲುಗಳಲ್ಲಿ ‘ತವಾ ಫ್ರೈ’ ಅಂತ ಒಂದಿದೆ, ‘ರವಾ ಫ್ರೈ’ ಅಂತ ಇನ್ನೊಂದಿದೆ. ಮೊದಲನೆಯದರಲ್ಲಿ ಮಸಾಲೆ ಸವರಿದ ಮೀನನ್ನು ಹಾಗೇ ಕಾವಲಿಯ ಮೇಲೆ ಹುರಿಯುತ್ತಾರೆ. ಎರಡನೆಯದರಲ್ಲಿ ಅದೇ ಮೀನನ್ನು ರವೆಯಲ್ಲಿ ಹೊರಳಿಸಿ ಹುರಿಯುತ್ತಾರೆ. ಬೇರೆಯವರಿಗೆ ಇದು ಬರೀ ರುಚಿಯ ವಿಷಯ. ನನಗೆ ಮಾತ್ರ ಈ ‘ತ’ ಮತ್ತು ‘ರ’ದ ನಡುವೆ ಮೂರು ದಿನದ ರಜೆ ಇದೆ. ಅದೂ ಟಾಯ್ಲೆಟ್ಟಿನ ಬಾಗಿಲಿನಿಂದ ಹತ್ತು ಹೆಜ್ಜೆ ದೂರ ಹೋಗಲಾಗದ ರಜೆ.

ನಮ್ಮ ಮದುವೆಗೆ ಇಪ್ಪತ್ತೈದು ತುಂಬಿದ ದಿನ ಲೋವರ್ ಪರೇಲಿಗೆ ಹೋಗಿದ್ದೆವು. ಹಳೇ ಬಟ್ಟೆ ಗಿರಣಿಯ ಆವರಣ, ಈಗ ಅಲ್ಲಿ ದೊಡ್ಡ ದೊಡ್ಡ ರೆಸ್ಟೋರೆಂಟು. ಒಳಗೆ ದೀಪ ಎಷ್ಟು ಮಂದ ಅಂದ್ರೆ ಮೆನು ಓದಲು ಮೊಬೈಲ್ ಟಾರ್ಚ್ ಬೇಕು. ದುಡ್ಡು ಜಾಸ್ತಿ ಕೊಟ್ಟಷ್ಟೂ ಬೆಳಕು ಯಾಕೆ ಕಮ್ಮಿಯಾಗುತ್ತದೆ ಅನ್ನೋದು ನನಗೆ ಇನ್ನೂ ಬಗೆಹರಿದಿಲ್ಲ. ಸಂಗೀತ ಬೇರೆ ಜೋರು. ನಾನು ವೇಟರ್ ಹುಡುಗನ ಕಿವಿಗೇ ಬಾಯಿಟ್ಟು ‘ಪಾಪ್ಲೆಟ್, ತವಾ’ ಅಂದೆ. ಅವನು ನಗುತ್ತಾ ತಲೆಯಾಡಿಸಿದ. ಮೀನು ಬಂತು. ಒಂದು ತುಂಡು ಬಾಯಿಗಿಟ್ಟೆ. ಕರುಂ ಅಂತು. ಪಕ್ಕದಲ್ಲಿ ಕೂತ ಹೆಂಡತಿಗೂ ಕೇಳಲಿಲ್ಲ, ಆದರೆ ನನ್ನ ತಲೆಯೊಳಗೆ ಆ ಗಿರಣಿಯ ಹಳೇ ಭೋಂಗಾ ಸೈರನ್ ಹೊಡೆದಂತಾಯಿತು. ಅವಳು ಟಾರ್ಚ್ ಬಿಟ್ಟಳು. ತಟ್ಟೆಯಲ್ಲಿ ಮೀನು ಬಂಗಾರದ ಜರಿ ಉಟ್ಟುಕೊಂಡು ಮಲಗಿತ್ತು, ಮೈತುಂಬ ರವೆ.

ಹಿನ್ನೆಲೆ ಸ್ವಲ್ಪ ಹೇಳಬೇಕು. ನಾಲ್ಕು ವರ್ಷ ನನ್ನ ಹಿಮೋಗ್ಲೋಬಿನ್ ಒಂಬತ್ತು ದಾಟಿರಲಿಲ್ಲ. ಕಬ್ಬಿಣದ ಮಾತ್ರೆ ನುಂಗಿ ನುಂಗಿ ಒಂದು ಗೇಟು ಮಾಡಿಸುವಷ್ಟು ಕಬ್ಬಿಣ ಒಳಗೆ ಹೋಗಿರಬೇಕು. ಕೊನೆಗೊಬ್ಬ ಡಾಕ್ಟರು ಬೇರೆ ರಕ್ತ ಪರೀಕ್ಷೆ ಬರೆದರು, ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರು ತೆಗೆದು ನೋಡಿದರು. ಸೀಲಿಯಾಕ್ ಕಾಯಿಲೆ ಅಂದರು. ಗೋಧಿಯಲ್ಲಿ ಗ್ಲುಟೆನ್ ಅನ್ನೋ ಪ್ರೋಟೀನ್ ಇರುತ್ತದೆ, ಅದು ಒಳಗೆ ಹೋದರೆ ನಿಮ್ಮ ದೇಹ ತನ್ನ ಕರುಳನ್ನೇ ಹೊಡೆಯಲು ಶುರುಮಾಡುತ್ತದೆ. ಕರುಳು ಹಾಳಾದ ಮೇಲೆ ಕಬ್ಬಿಣ ಎಲ್ಲಿ ಹೀರುತ್ತದೆ? ಮಾತ್ರೆ ಏನೂ ಇಲ್ಲ. ಗೋಧಿ, ಬಾರ್ಲಿ, ರೈ, ಮೂರನ್ನೂ ಜೀವನಪೂರ್ತಿ ಬಿಡಿ.

ಗೋಧಿ ಗೊತ್ತು, ಬಾರ್ಲಿ ಗೊತ್ತು. ರೈ? ನಮ್ಮೂರ ಕಡೆ ರೈ ಅಂದರೆ ಬಂಟರ ಮನೆತನದ ಹೆಸರು. ನನ್ನ ಬಾಲ್ಯದ ಗೆಳೆಯರಲ್ಲಿ ಇಬ್ಬರು ರೈಗಳೇ, ಬಿಡುವುದು ಹೇಗೆ? ಮುಂಬಯಿಯ ಕಿರಾಣಿ ಅಂಗಡಿಯಲ್ಲಿ ರೈ ಅಂದರೆ ಸಾಸಿವೆ. ನನ್ನ ಹೆಂಡತಿ ಎರಡನೇ ಅರ್ಥ ಹಿಡಿದಳು. ಒಂದು ತಿಂಗಳು ನಮ್ಮ ಮನೆಯಲ್ಲಿ ಸಾಸಿವೆ ಇಲ್ಲದ ಒಗ್ಗರಣೆ. ಅದು ಯುರೋಪಿನ ಕಡೆ ಬ್ರೆಡ್ ಮಾಡುವ ಬೇರೆಯೇ ಧಾನ್ಯ ಅಂತ ಮಗಳು ಹೇಳುವ ತನಕ ನಾನು ಚಟಪಟ ಸದ್ದು ಕೇಳದೆ ಕೊರಗಿದೆ.

ಕುಂದಾಪುರಕ್ಕೆ ಫೋನ್ ಮಾಡಿ ಅಮ್ಮನಿಗೆ ಹೇಳಿದರೆ ಅವರಿಗೆ ಬೇಜಾರೇ ಇಲ್ಲ. “ಗೋಧಿ ತಾನೇ ಮಾರಾಯ? ಹೋಗ್ಲಿ ಬಿಡು. ಗಂಜಿ ಕುಡಿದು ದೊಡ್ಡವನಾದವನಿಗೆ ಗೋಧಿ ಯಾಕೆ?” ಅಂದರು. ಅವರ ಲೆಕ್ಕದಲ್ಲಿ ಗೋಧಿ ಇರುವುದು ಎರಡೇ ಕೆಲಸಕ್ಕೆ. ಸಕ್ಕರೆ ಕಾಯಿಲೆಯವರ ರಾತ್ರಿಯ ಚಪಾತಿಗೆ, ಮತ್ತೆ ಶನಿವಾರದ ಒಪ್ಪೊತ್ತಿಗೆ.

ನಾನೂ ಹಾಗೇ ಅಂದುಕೊಂಡಿದ್ದೆ. ಅಕ್ಕಿ ಉಂಟು, ನೀರುದೋಸೆ ಉಂಟು, ಕೋರಿ ರೊಟ್ಟಿ ಉಂಟು. ಹೊರಗೆ ತಿನ್ನಬೇಕಾದರೆ ಮಾಟುಂಗಾದ ಉಡುಪಿ ಹೋಟೆಲುಗಳಿವೆ, ಇಡ್ಲಿ ಸಾಂಬಾರ್ ತಿಂದು ಬಂದರಾಯಿತು. ಒಂದು ಸಂಜೆ ಹೆಂಡತಿ ನಮ್ಮ ಮನೆಯ ಇಂಗಿನ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿದಳು. ಅಪ್ಪಟ ಇಂಗು ವಿಪರೀತ ಖಾರ, ಹಾಗೇ ಬಳಸಲಾಗದು. ಅದಕ್ಕೆ ಏನಾದರೂ ಬೆರೆಸಿಯೇ ಮಾರುತ್ತಾರೆ. ನಮ್ಮ ಡಬ್ಬಿಯಲ್ಲಿ ಬೆರೆಸಿದ್ದು ಗೋಧಿ ಹಿಟ್ಟು. ಅಲ್ಲಿಗೆ ಸಾರು ಹೋಯಿತು, ಸಾಂಬಾರ್ ಹೋಯಿತು, ಚಟ್ನಿಯ ಒಗ್ಗರಣೆ ಹೋಯಿತು. ಮಸಾಲೆ ದೋಸೆ ಹುಯ್ಯುವ ಕಾವಲಿಯ ಮೇಲೇ ರವೆ ದೋಸೆ ಹುಯ್ಯುತ್ತಾರೆ ಅನ್ನೋದು ನೆನಪಾಗಿ ಅದೂ ಹೋಯಿತು. ಉಳಿದದ್ದು ಬರೀ ಇಡ್ಲಿ, ಅದಕ್ಕೆ ಹಚ್ಚಿಕೊಳ್ಳಲು ನನ್ನ ಬೇಸರ.

ಆದರೂ ದೊಡ್ಡ ರೆಸ್ಟೋರೆಂಟುಗಳ ಮೇಲೆ ಒಂದು ಭರವಸೆ ಇತ್ತು. ಇಷ್ಟು ದುಡ್ಡು ತಗೊಳ್ತಾರೆ, ಓದಿದ ಶೆಫ್ ಇರ್ತಾನೆ, ಮೆನುವಿನಲ್ಲೇ ‘ಜಿಎಫ್’, ಅಂದರೆ ಗ್ಲುಟೆನ್ ಫ್ರೀ, ಅಂತ ಹಸಿರು ಗುರುತು ಹಾಕಿರ್ತಾರೆ. ಗುರುತು ಇರುವುದು ನಿಜ. ಆದರೆ ಕೊನೇ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಮಾತಿರುತ್ತದೆ: ನಮ್ಮ ಅಡುಗೆಮನೆಯಲ್ಲಿ ಗೋಧಿಯನ್ನೂ ಬಳಸುವುದರಿಂದ ಖಾತ್ರಿ ಕೊಡಲಾಗದು. ಮ್ಯೂಚುವಲ್ ಫಂಡ್ ಜಾಹೀರಾತಿನ ಕೊನೆಗೆ ಉಸಿರು ಬಿಡದೆ ಓದುತ್ತಾರಲ್ವಾ, ಅದೇ ಧಾಟಿ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಗ್ಲುಟೆನ್ ಫ್ರೀ ಅಂತ ಪ್ಯಾಕೆಟ್ಟಿನ ಮೇಲೆ ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರಬಾರದು. ಅಂದರೆ ಹೆಚ್ಚುಕಮ್ಮಿ ಒಂದು ಅಕ್ಕಿಕಾಳಿನ ತೂಕ. ಇತ್ತ ವೇಟರ್ ನಾನ್ ರೊಟ್ಟಿ ಮುರಿದ ಕೈಯಲ್ಲೇ ನನ್ನ ತಟ್ಟೆ ಒರೆಸುತ್ತಿರುತ್ತಾನೆ.

ಕೇಳಿದರೆ ಬರುವ ಉತ್ತರಗಳನ್ನು ನಾನು ಕೂಡಿಹಾಕಿದ್ದೇನೆ. “ಮೈದಾ ಇಲ್ವೇ ಇಲ್ಲ ಸರ್, ಪೂರಾ ಗೋಧಿ.” ಇದು ಅತ್ಯಂತ ಹೆಮ್ಮೆಯಿಂದ ಬರುವ ಉತ್ತರ. “ಗ್ಲುಕೋಸ್ ನಾವು ಹಾಕೋದೇ ಇಲ್ಲ.” ಬಾಂದ್ರಾದ ಒಂದು ಕಡೆ ಹುಡುಗಿ ಬಹಳ ಮುತುವರ್ಜಿಯಿಂದ, “ಸರ್, ಹಾಗಾದ್ರೆ ನೀವು ನಮ್ಮ ಸೈತಾನ್ ತಗೊಳ್ಳಿ, ಮಾಂಸದ ಥರಾನೇ ಇರುತ್ತೆ, ಪ್ಯೂರ್ ವೆಜ್” ಅಂದಳು. ಹೆಸರು ಕೇಳಿಯೇ ನಾನು ಎಚ್ಚರವಾಗಬೇಕಿತ್ತು. ಮಗಳು ಮೊಬೈಲಿನಲ್ಲಿ ಹುಡುಕಿದಳು. ಗೋಧಿ ಹಿಟ್ಟನ್ನು ನಾದಿ, ನೀರಿನಲ್ಲಿ ತೊಳೆದು ತೊಳೆದು ಪಿಷ್ಟವೆಲ್ಲ ಹೋದ ಮೇಲೆ ಉಳಿಯುವ ಅಂಟು ಉಂಡೆಯೇ ಅದು. ಅಂದರೆ ಬೇರೇನೂ ಇಲ್ಲದ ಅಸಲಿ ಗ್ಲುಟೆನ್. ಹಾವಿಗೆ ಹೆದರಿ ಓಡಿದವನನ್ನು ಹುತ್ತದ ಮೇಲೆ ಕೂರಿಸಿ ಗಾಳಿ ಬೀಸಿದ ಹಾಗೆ.

ಮಗಳೇ ಆಮೇಲೆ ನನಗೊಂದು ಕಾರ್ಡು ಮಾಡಿಸಿಕೊಟ್ಟಳು. ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ: ಇವರಿಗೆ ಗೋಧಿ, ಮೈದಾ, ರವೆ, ಸೋಯಾ ಸಾಸ್, ಇಂಗು ಬೇಡ, ಹೊಸ ಎಣ್ಣೆಯಲ್ಲಿ ಕರಿಯಿರಿ. ಹಿಂದೆ ನನ್ನ ಹೆಸರು, ಫೋನ್ ನಂಬರು. ಫೋರ್ಟಿನ ಒಂದು ರೆಸ್ಟೋರೆಂಟಿನಲ್ಲಿ ಬಾಗಿಲಲ್ಲಿ ನಿಂತವನ ಕೈಗೆ ಗತ್ತಿನಿಂದ ಕೊಟ್ಟೆ. ಅವನು ವಿಸಿಟಿಂಗ್ ಕಾರ್ಡ್ ಅಂದುಕೊಂಡು ಪಕ್ಕದ ಗಾಜಿನ ಬೋಗುಣಿಗೆ ಹಾಕಿದ. ಹತ್ತು ದಿನ ಬಿಟ್ಟು ಫೋನ್ ಬಂತು. ಲಕ್ಕಿ ಡ್ರಾದಲ್ಲಿ ನನ್ನ ಕಾರ್ಡು ಎದ್ದಿದೆಯಂತೆ. ಬಹುಮಾನ ಇಬ್ಬರಿಗೆ ಪಾಸ್ತಾ ಊಟ.

ಲೋವರ್ ಪರೇಲಿನ ರವೆಯ ಮೂರು ದಿನದ ರಜೆಯಲ್ಲಿ ಒಂದು ವಿಷಯ ಓದಿದೆ, ಅದನ್ನು ಹೇಳದೆ ಇರಲಾರೆ. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ, ನೆದರ್‌ಲೆಂಡ್ಸಿನಲ್ಲಿ ಬ್ರೆಡ್ ಸಿಗದೆ ಜನ ಟ್ಯುಲಿಪ್ ಗಡ್ಡೆ ಬೇಯಿಸಿ ತಿಂದರು. ಎಲ್ಲರೂ ಸೊರಗಿದರು, ಆದರೆ ಸೀಲಿಯಾಕ್ ಇದ್ದ ಮಕ್ಕಳು ಸುಧಾರಿಸಿಕೊಂಡರು. ವಿಲ್ಲೆಮ್ ಡಿಕ್ಕೆ ಅನ್ನೋ ಮಕ್ಕಳ ಡಾಕ್ಟರಿಗೆ ಗೋಧಿಯ ಮೇಲೆ ಮೊದಲಿನಿಂದಲೂ ಇದ್ದ ಅನುಮಾನ ಆಗ ಗಟ್ಟಿಯಾಯಿತು. ಅದೇ ಯುದ್ಧದ ಕಾಲದಲ್ಲಿ ಇತ್ತ ಬೆಂಗಳೂರಿನಲ್ಲಿ ಅಕ್ಕಿಗೆ ಬರ ಬಂತು. ಎಂಟಿಆರ್‌ನವರು ರವೆಯಲ್ಲೇ ಇಡ್ಲಿ ಮಾಡಿ ನೋಡಿದರು, ರವೆ ಇಡ್ಲಿ ಹುಟ್ಟಿತು. ಒಂದೇ ಯುದ್ಧ. ಅಲ್ಲಿ ನನ್ನ ಕಾಯಿಲೆಯ ಗುಟ್ಟು ರಟ್ಟಾಯಿತು, ಇಲ್ಲಿ ನನ್ನ ಇಡ್ಲಿಗೂ ಗೋಧಿ ಹೊಕ್ಕಿತು.

ಸರಿ, ದಾರಿ ಸಿಕ್ಕಿದ್ದು ಹೇಗೆ ಅಂತ ಹೇಳುತ್ತೇನೆ. ಒಂದು ಸಂಕಷ್ಟಿಯ ದಿನ ಆಫೀಸಿನವರ ಜೊತೆ ದಾದರಿನ ದುಬಾರಿ ಹೋಟೆಲೊಂದಕ್ಕೆ ಹೋಗಿದ್ದೆ. ನಾನು ಎಂದಿನಂತೆ ಗ್ಲುಟೆನ್ ಪುರಾಣ ಬಿಚ್ಚಿ ಕೂತಿದ್ದೆ, ವೇಟರ್ ಎಂದಿನಂತೆ ಗಡಿಯಾರ ನೋಡುತ್ತಿದ್ದ. ಪಕ್ಕದ ಟೇಬಲಿನ ಅಜ್ಜಿಯೊಬ್ಬರು ಎರಡೇ ಮಾತು ಅಂದರು: “ಉಪವಾಸ್ ಆಹೇ.” ಅಷ್ಟೇ! ಹುಡುಗ ನೆಟ್ಟಗೆ ನಿಂತ. ಬೇರೆ ಬಾಣಲೆ, ತುಪ್ಪ, ಸೈಂಧವ ಉಪ್ಪು, ತೊಳೆದ ಕೈ. ಸಾಬೂದಾಣದ ಖಿಚಡಿ, ಶೇಂಗಾ ಆಮಟಿ, ವರಿ ಅಕ್ಕಿಯ ಅನ್ನ. ಈ ಕಡೆಯ ಉಪವಾಸದಲ್ಲಿ ಗೋಧಿ ಇಲ್ಲ, ಇಂಗೂ ಇಲ್ಲ! ನನ್ನ ಡಾಕ್ಟರ ಚೀಟಿಗೆ ಆಗದ ಕೆಲಸ ಗಣಪತಿಯ ಹೆಸರಿಗೆ ಅರ್ಧ ನಿಮಿಷದಲ್ಲಿ ಆಯಿತು. ಅವನಿಗೆ ನನ್ನ ಕರುಳು ಏನಾದರೆ ಏನು? ಆದರೆ ಅಜ್ಜಿಯ ವ್ರತ ಕೆಟ್ಟರೆ ಪಾಪ ಅವನ ತಲೆಗೆ.

ಅವತ್ತಿನಿಂದ ನಾನು ಮಹಾ ದೈವಭಕ್ತನಾದೆ. ಸೋಮವಾರ, ಗುರುವಾರ, ಏಕಾದಶಿ, ಯಾವ ದಿನ ಕರೆದರೂ ನನಗೆ ಉಪವಾಸ. ಮೂರು ರೆಸ್ಟೋರೆಂಟಿನಲ್ಲಿ ರಾಜನ ಹಾಗೆ ಉಂಡೆ. ನಾಲ್ಕನೆಯದರಲ್ಲಿ ಎಡವಟ್ಟಾಯಿತು. ‘ಉಪವಾಸ್ ಹೈ’ ಅಂತ ಗಂಭೀರವಾಗಿ ಹೇಳಿ ಕೂತಿದ್ದೆ. ಎದುರಿನವನಿಗೆ ಬೆಳ್ಳುಳ್ಳಿ ಬೆಣ್ಣೆಯಲ್ಲಿ ಬಾಡಿಸಿದ ದೊಡ್ಡ ಸೀಗಡಿ ಬಂತು. ಘಮ್ಮೆಂದಿತು. ಕರಾವಳಿಯವನ ಬಾಯಿ ಕೇಳುತ್ತದೆಯೇ? “ಇದರಲ್ಲಿ ಹಿಟ್ಟು ಗಿಟ್ಟು ಇಲ್ಲ ತಾನೇ? ನನಗೂ ಒಂದು ಪ್ಲೇಟ್” ಅಂದುಬಿಟ್ಟೆ. ವೇಟರ್ ಪೆನ್ನು ಎತ್ತಿದವನು ಹಾಗೇ ನಿಂತ. “ಸರ್... ಉಪವಾಸ್?” ನಾನು “ನಮ್ಮ ಕಡೆ ನಡೆಯುತ್ತೆ” ಅಂದೆ. ಅವನು ಒಳಗೆ ಹೋಗಿ ಹೇಳಿರಬೇಕು. ಅಡುಗೆಮನೆಯ ಗಾಜಿನ ಕಿಂಡಿಯಲ್ಲಿ ಒಂದೊಂದಾಗಿ ಮೂರು ತಲೆ ಕಾಣಿಸಿಕೊಂಡವು. ಎಂಥ ಊರು ಇವನದು ಅಂತ ನೋಡಿ ಹೋದವು.

ಅದಾದ ಮೇಲೆ ಸೀಗಡಿ ಆಸೆ ಬಿಟ್ಟು ಉಪವಾಸವನ್ನೇ ಗಟ್ಟಿಯಾಗಿ ಹಿಡಿದೆ. ಹೋದ ತಿಂಗಳು ಮಗಳ ಮೊದಲ ಸಂಬಳದ ಊಟ, ಅಂಧೇರಿಯ ಒಂದು ದೊಡ್ಡ ಹೋಟೆಲು. ಶನಿವಾರ. ಹುಡುಗನಿಗೆ ಉಪವಾಸ ಅಂದೆ, ಅವನು ಸಾಬೂದಾಣ ಮಾಡಿಸುತ್ತೇನೆ ಅಂದ, ಎಲ್ಲ ಸುಸೂತ್ರ. ಅಷ್ಟರಲ್ಲಿ ನಾವು ಕನ್ನಡ ಮಾತಾಡುವುದು ಮ್ಯಾನೇಜರ್ ಕಿವಿಗೆ ಬಿತ್ತು. ಕೋಟು, ಟೈ, ಮುಖದ ತುಂಬ ನಗು.

“ಊರಲ್ಲಿ ಎಲ್ಲಿ ಸರ್?”

“ಕುಂದಾಪುರ.”

“ಹೌದಾ! ನಮ್ಮದು ಕಾರ್ಕಳ ಮಾರಾಯ್ರೆ.” ಹುಡುಗನ ಕೈಯಿಂದ ಆರ್ಡರ್ ಚೀಟಿ ತಗೊಂಡು ನೋಡಿದರು. “ಓ, ಶನಿವಾರದ ಒಪ್ಪೊತ್ತು ಅಲ್ವಾ? ನಮ್ಮ ಅಮ್ಮನೂ ಬಿಟ್ಟಿಲ್ಲ. ಈ ಹುಡುಗರಿಗೆ ಏನು ಗೊತ್ತು, ಸುಮ್ನೆ ಸಾಬೂದಾಣ ತಂದು ಸುರೀತಾರೆ. ನೀವು ಕೂತ್ಕೊಳ್ಳಿ, ನಾನು ನೋಡ್ಕೊಳ್ತೇನೆ.”

ನಾನು “ಹಾಗಲ್ಲ...” ಅನ್ನುವುದರೊಳಗೆ ಅವರು ಒಳಗೆ ಹೋಗಿಯಾಗಿತ್ತು. ನಮ್ಮೂರಿನ ಒಪ್ಪೊತ್ತಿನಲ್ಲಿ ಅನ್ನ ಒಂದೇ ಹೊತ್ತು. ರಾತ್ರಿಗೆ ಏನು ಅಂತ ನಿಮಗೂ ಗೊತ್ತು.

ಬಂತು. ಅಗಲದ ಬಿಳಿ ತಟ್ಟೆ, ನಡುವೆ ಬಟ್ಟಲು ಬೋರಲು ಹಾಕಿ ತೆಗೆದ ಉಪ್ಪಿಟ್ಟು. ತುಪ್ಪ ಮಿನುಗುತ್ತಿತ್ತು. ಶುಂಠಿ, ಕರಿಬೇವು, ಸುತ್ತ ಕೆಂಪಗೆ ಹುರಿದ ಗೋಡಂಬಿ, ತಲೆಯ ಮೇಲೆ ಯಾವುದೋ ಎರಡೆಲೆಯ ಪುಟ್ಟ ಸಸಿ. ಹುಡುಗನ ಕೈಗೆ ಕೊಡದೆ ಮ್ಯಾನೇಜರೇ ಹಿಡಿದು ತಂದಿದ್ದರು. “ಅನ್ನ ಮಾಡಿದ ಪಾತ್ರೆ ಸಹ ಮುಟ್ಟಿಸಿಲ್ಲ ಸರ್, ನಾನೇ ನಿಂತು ಮಾಡಿಸಿದೆ” ಅಂದು, ಕೈಕಟ್ಟಿಕೊಂಡು ನಿಂತರು. ನಾನು ಮೊದಲ ಚಮಚ ತಿನ್ನುವುದನ್ನು ನೋಡಬೇಕು ಅವರಿಗೆ.

ಈಗ ಏನು ಹೇಳಲಿ? ಉಪವಾಸ ಸುಳ್ಳು ಅಂತಲಾ? ಕಾರ್ಕಳದಿಂದ ಕುಂದಾಪುರಕ್ಕೆ ಎಷ್ಟು ದೂರ ಮಹಾ? ಸೋಮವಾರದೊಳಗೆ ಸುದ್ದಿ ಅಮ್ಮನ ಕಿವಿಗೆ ಮುಟ್ಟುತ್ತದೆ. ಚಮಚ ಎತ್ತಿದೆ, ಇಳಿಸಿದೆ. ಹೆಂಡತಿಗೆ ಕರುಣೆ ಬಂತು. “ಇವ್ರು ಒಂಬತ್ತು ಗಂಟೆ ಆದ್ಮೇಲೆ ಏನೂ ಮುಟ್ಟಲ್ಲ” ಅಂತ ತಟ್ಟೆ ತನ್ನ ಕಡೆ ಎಳೆದುಕೊಂಡಳು. ಆಗ ಒಂಬತ್ತೂ ಐದು. ಮ್ಯಾನೇಜರ್ ಕಣ್ಣಲ್ಲಿ ನಾನು ಇನ್ನೂ ಎರಡು ಮೆಟ್ಟಿಲು ಮೇಲೇರಿದೆ. ಅವಳು ಆ ಉಪ್ಪಿಟ್ಟನ್ನು ಕೊನೇ ಗೋಡಂಬಿಯವರೆಗೂ ತಿಂದಳು. ಬಹಳ ಚೆನ್ನಾಗಿತ್ತಂತೆ. ದಾರಿಯುದ್ದಕ್ಕೂ ಹೇಳಿದಳು.

ಬಿಲ್ಲಿನಲ್ಲಿ ನನ್ನ ಪಾಲಿಗೆ ಒಂದು ನಿಂಬೆ ಸೋಡಾ ಇತ್ತು.

ಮುಲುಂಡಿನ ಮನೆ ಸೇರುವಾಗ ಹನ್ನೊಂದು ದಾಟಿತ್ತು. ಮಧ್ಯಾಹ್ನದ ಗಂಜಿ ಬಿಸಿಮಾಡಿಕೊಂಡೆ. ನೆಂಟರು ಕೊಟ್ಟ ಹೊಸ ಉಪ್ಪಿನಕಾಯಿ ಬಾಟಲಿ ಇತ್ತು. ತೆರೆಯುವ ಮುಂಚೆ ಕನ್ನಡಕ ಹಾಕಿ ಹಿಂದಿನ ಚೀಟಿ ಓದಿದೆ. ಮಾವು, ಉಪ್ಪು, ಮೆಣಸು, ಎಣ್ಣೆ, ಸಾಸಿವೆ, ಇಂಗು. ಬಾಟಲಿ ವಾಪಸ್ ಇಟ್ಟು ಗಂಜಿಗೆ ಒಂದು ಕಲ್ಲು ಉಪ್ಪು ಹಾಕಿಕೊಂಡೆ.