ಸುಮ್ನೆ ಕೂತಿದ್ದೀಯಲ್ಲ!

ಓದುವ ಹುಚ್ಚಿರುವವರ ಮನೆಯಲ್ಲಿ ತಳ ಹಿಡಿದ ಪಾತ್ರೆ ಒಂದಾದರೂ ಇದ್ದೇ ಇರುತ್ತದೆ. ಒಲೆಯ ಮೇಲೆ ಏನಾದರೂ ಇಟ್ಟು, 'ಕುದಿಯುವಷ್ಟರಲ್ಲಿ ಎರಡು ಪುಟ' ಅಂದುಕೊಳ್ಳುವುದು ನಮ್ಮಂಥವರ ಚಾಳಿ. ಆ ಎರಡು ಪುಟ ಎರಡಕ್ಕೇ ಮುಗಿದ ಉದಾಹರಣೆ ಇಲ್ಲ. ಕಾದಂಬರಿ ಬರೆಯುವವರಿಗೂ ನಮ್ಮ ಪಾತ್ರೆಗಳ ಮೇಲೆ ಕರುಣೆಯಿಲ್ಲ. ಇನ್ನೇನು ಪುಸ್ತಕ ಮುಚ್ಚಬೇಕು, ಅಷ್ಟರಲ್ಲಿ ಯಾರೋ ಬಾಗಿಲು ತಟ್ಟುತ್ತಾರೆ. ನಮ್ಮ ಮನೆಯದಲ್ಲ, ಕಥೆಯೊಳಗಿನ ಬಾಗಿಲು. ಬಂದವರು ಯಾರು ಅಂತ ನೋಡದೆ ಎದ್ದು ಹೋಗುವುದು ಹೇಗೆ ಹೇಳಿ? ಬಂದವರು ಒಳಗೆ ಬಂದು, ಕೂತು, ಗಂಟಲು ಸರಿ ಮಾಡಿಕೊಂಡು ಗುಟ್ಟು ಹೇಳುವಷ್ಟರಲ್ಲಿ ಅಡುಗೆಮನೆಯಿಂದ ಸೀದ ವಾಸನೆ ಬಂದಿರುತ್ತದೆ.

ಓದಿನಿಂದ ಜ್ಞಾನ ಹೆಚ್ಚುತ್ತದೆ, ಏಕಾಗ್ರತೆ ಬರುತ್ತದೆ ಅಂತೆಲ್ಲ ಹೇಳುತ್ತಾರೆ. ಇದ್ದರೂ ಇರಬಹುದು. ನನಗೆ ಬಂದಿದ್ದು ಬರೀ ಸುಖ. ಮೂರು ಕಾಸಿನ ಪ್ರಯೋಜನವಿಲ್ಲದ, ಯಾರಿಗೂ ಲೆಕ್ಕ ಕೊಡಬೇಕಿಲ್ಲದ ಸುಖ. ನಾನು ಋಣಿಯಾಗಿರುವುದೂ ಅದಕ್ಕೇ. ಆದರೆ ಥ್ಯಾಂಕ್ಸ್ ಹೇಳಬೇಕಾದವರ ಪಟ್ಟಿ ಹಾಕುತ್ತಾ ಹೋದರೆ ವಿಚಿತ್ರ ಜನರೆಲ್ಲ ಸಿಗುತ್ತಾರೆ.

ಮೊದಲನೆಯವರ ಹೆಸರೇ ಖಚಿತವಿಲ್ಲ. 13ನೇ ಶತಮಾನದ ಕೊನೆಯಲ್ಲಿ ಇಟಲಿಯಲ್ಲಿ ಯಾರೋ ಪುಣ್ಯಾತ್ಮರು ಎರಡು ಗಾಜುಗಳನ್ನು ಜೋಡಿಸಿ ಮೂಗಿನ ಮೇಲೆ ಕೂರಿಸಿದರು. ಕಿವಿಗೆ ಸಿಕ್ಕಿಸುವ ಗಟ್ಟಿ ಕಡ್ಡಿ ಬಂದಿದ್ದು 18ನೇ ಶತಮಾನದಲ್ಲಿ. ಅಲ್ಲಿಯವರೆಗೆ ಬಹಳಷ್ಟು ಓದುಗರು ಒಂದು ಕೈಯಲ್ಲಿ ಕನ್ನಡಕ, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು, ಪುಟ ತಿರುವುವುದು ಯಾವ ಕೈಯಲ್ಲಿ ಅಂತ ಯೋಚಿಸುತ್ತಾ ಕೂತಿರಬೇಕು. ಪಾಪ!

ಎರಡನೆಯವನು ವೆನಿಸ್ಸಿನ ಮುದ್ರಕ ಆಲ್ಡಸ್ ಮನುಟಿಯಸ್. ದೊಡ್ಡ ಗ್ರಂಥಗಳನ್ನು ಮೇಜಿನ ಮೇಲಿಟ್ಟೇ ಓದಬೇಕಿದ್ದ ಕಾಲದಲ್ಲಿ, 1501ರಿಂದ ಅವನು ಹಳೆಯ ಕವಿಗಳನ್ನೆಲ್ಲ ಕೈಯಲ್ಲಿ ಹಿಡಿಯುವಂಥ ಪುಟ್ಟ ಪುಸ್ತಕಗಳಲ್ಲಿ ಅಚ್ಚು ಹಾಕಿದ. ಪುಸ್ತಕ ಕೈಗೆ ಬಂತು. ಕೈಗೆ ಬಂದಿದ್ದು ಹಾಸಿಗೆಗೆ ಬರಲು ಎಷ್ಟು ಹೊತ್ತು?

ಹಾಸಿಗೆಯಲ್ಲಿ ಓದುವ ಸುಖದ ಬಗ್ಗೆ ತುಂಬ ಜನ ಮಾತಾಡುತ್ತಾರೆ, ಕಷ್ಟದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಅಂಗಾತ ಮಲಗಿದರೆ ತೋಳು ನೋಯುತ್ತದೆ. ಬೋರಲು ಮಲಗಿದರೆ ಕತ್ತು. ಮಗ್ಗುಲಾಗಿ ಮಲಗಿದರೆ ಒಂದು ಬದಿಯ ಪುಟ ಆರಾಮ, ಇನ್ನೊಂದು ಬದಿಯದು ದಿಂಬಿನ ನೆರಳಿನಲ್ಲಿ ಹಾಸಿಗೆಗೆ ಒತ್ತಿಕೊಂಡಿರುತ್ತದೆ. ಅದನ್ನು ಓದಲು ಆ ಮಗ್ಗುಲಿಗೆ ಹೊರಳಬೇಕು. ಪುಟ ತಿರುವಿದರೆ ಮತ್ತೆ ಈ ಮಗ್ಗುಲು. ಜೊತೆಗೆ ಕನ್ನಡಕದ ಕಡ್ಡಿ ಕಪಾಲಕ್ಕೆ ಚುಚ್ಚುತ್ತಿರುತ್ತದೆ. ದಪ್ಪ ಕಾದಂಬರಿ ಮುಗಿಯುವ ಹೊತ್ತಿಗೆ ಆಗುವ ಹೊರಳಾಟ ವ್ಯಾಯಾಮದ ಲೆಕ್ಕಕ್ಕೆ ಬರುತ್ತದಾ ಅಂತ ಡಾಕ್ಟರನ್ನು ಕೇಳಬೇಕು.

ಇಷ್ಟೆಲ್ಲ ಸರ್ಕಸ್ ಮಾಡಿ ಒಂದು ಭಂಗಿ ಸಿಕ್ಕಿತು ಅನ್ನುವಾಗ ನಿದ್ದೆ ಬರುತ್ತದೆ. ಓದುವಾಗ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುವುದಿಲ್ಲವಂತೆ, ಕುಪ್ಪಳಿಸುತ್ತದಂತೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಫ್ರಾನ್ಸಿನ ಕಣ್ಣಿನ ವೈದ್ಯ ಎಮಿಲ್ ಜವಾಲ್ ಮತ್ತವರ ಜೊತೆಗಾರರು ಇದನ್ನು ಗಮನಿಸಿದರು. ಒಂದು ನೆಗೆತ, ಸುಮಾರು ಕಾಲು ಸೆಕೆಂಡ್ ವಿಶ್ರಾಂತಿ, ಮತ್ತೆ ನೆಗೆತ. ಆಗಾಗ ಹಿಂದಕ್ಕೂ ಒಂದು ನೆಗೆತ. ರಾತ್ರಿ ಹನ್ನೊಂದರ ಮೇಲೆ ನನ್ನ ಕಣ್ಣಿನದು ಬರೀ ಹಿಂದಕ್ಕೇ ನೆಗೆತ. ನಾಯಕಿ ರೈಲು ಹತ್ತುತ್ತಾಳೆ. ಮತ್ತೆ ಹತ್ತುತ್ತಾಳೆ. ಇನ್ನೊಂದು ಸಲ ಹತ್ತುವಷ್ಟರಲ್ಲಿ ಪುಸ್ತಕ ಮೂಗಿನ ಮೇಲೆ ಬಿದ್ದಿರುತ್ತದೆ. ಗಟ್ಟಿ ರಟ್ಟಿನದ್ದಾದರೆ ನಕ್ಷತ್ರ ಕಾಣುತ್ತದೆ. ಫೋನಿನಲ್ಲಿ ಓದಿದರೆ ಬಚಾವ್ ಅಂದುಕೊಳ್ಳಬೇಡಿ. ಅದು ಬಿದ್ದರೆ ಅಂಚಿನ ಕಡೆಯಿಂದಲೇ ಬೀಳುತ್ತದೆ.

ಹಗಲು ಹೊತ್ತು ಓದೋಣ ಅಂದರೆ ಬೇರೆ ತಾಪತ್ರಯ. ಓದುತ್ತಿರುವವರು ಹೊರಗಿನಿಂದ ನೋಡುವವರಿಗೆ ಏನೂ ಮಾಡುತ್ತಿರುವಂತೆ ಕಾಣುವುದಿಲ್ಲ.

"ಸುಮ್ನೆ ಕೂತಿದ್ದೀಯಲ್ಲ, ಆ ಫ್ಯಾನ್ ಒರೆಸಬಾರದಾ?" ಅನ್ನುತ್ತಾರೆ ಅಮ್ಮ.

"ಓದ್ತಾ ಇದ್ದೀನಮ್ಮ."

"ಅದೇ ಮತ್ತೆ, ಸುಮ್ನೆ ತಾನೇ ಇರೋದು?"

ಈ ವಾದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ. ಮಜಾ ಅಂದರೆ, ಅದೇ ಕುರ್ಚಿಯಲ್ಲಿ ಫೋನ್ ಹಿಡಿದು ಹೆಬ್ಬೆರಳು ಆಡಿಸುತ್ತಿದ್ದರೆ 'ಏನೋ ಆಫೀಸಿನ ಕೆಲಸ ಇರಬೇಕು' ಅಂತ ಬಿಟ್ಟುಬಿಡುತ್ತಾರೆ! 4ನೇ ಶತಮಾನದಲ್ಲಿ ಮಿಲಾನಿನ ಬಿಷಪ್ ಆಂಬ್ರೋಸ್ ಓದುತ್ತಿದ್ದುದನ್ನು ಕ್ರೈಸ್ತ ಸಂತ ಆಗಸ್ಟಿನ್ ವರ್ಣಿಸಿದ್ದಾನೆ. ಕಣ್ಣು ಪುಟದ ಮೇಲೆ ಓಡುತ್ತಿತ್ತು, ನಾಲಿಗೆ ಮಾತ್ರ ಸುಮ್ಮನಿತ್ತು. ನೋಡಲು ಬಂದವರು ತೊಂದರೆ ಕೊಡುವ ಧೈರ್ಯ ಸಾಲದೆ, ಸ್ವಲ್ಪ ಹೊತ್ತು ಮೌನವಾಗಿ ಕೂತು ಎದ್ದು ಹೋಗುತ್ತಿದ್ದರಂತೆ. ಎಂಥಾ ಸಂಸ್ಕಾರವಂತರು! ಫ್ಯಾನ್ ಒರೆಸು ಅಂತ ಒಬ್ಬರೂ ಕೇಳಲಿಲ್ಲ. ಈ ಕಥೆಯನ್ನು ಅಮ್ಮನಿಗೆ ಹೇಳಿದೆ. "ಅವರು ಬಿಷಪ್ಪು" ಅಂದರು. ಫ್ಯಾನ್ ಒರೆಸಿದೆ.

ಇನ್ನು ಪತ್ತೇದಾರಿ ಕಾದಂಬರಿ. ಉಳಿದ ಪುಸ್ತಕಗಳನ್ನು ಓದುವುದು ಬೇರೆ, ಇದನ್ನು ಓದುವುದು ಬೇರೆ. ಊಟ ನಿದ್ದೆ ಬಿಟ್ಟು ಒಂದನ್ನು ಓದುತ್ತಿದ್ದೆ. ಇನ್‌ಸ್ಪೆಕ್ಟರು ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ, ಕಿಟಕಿಯ ಪರದೆ ಸರಿಸಿ, 'ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ' ಅಂದರು. ಪುಟ 176. ಪಕ್ಕದ ಪುಟ ನೋಡಿದರೆ 161! ಅವರೆಲ್ಲ ಇನ್ನೂ ಹಾಲ್‌ಗೇ ಬಂದಿಲ್ಲ, ಕಾರಿನಿಂದ ಇಳಿಯುತ್ತಿದ್ದಾರೆ. ಮತ್ತೆ ಇಳಿದು, ಕೂತು, ಪರದೆ ಸರಿದು, ಮತ್ತೆ 176 ಬಂತು. ಅದರ ಮುಂದಿನದು 193.

ಆಗಿದ್ದಿಷ್ಟು. ಒಂದು ದೊಡ್ಡ ಹಾಳೆಯಲ್ಲಿ ಹದಿನಾರು ಪುಟ ಅಚ್ಚು ಹಾಕಿ ಮಡಿಸುತ್ತಾರೆ, ಅದಕ್ಕೆ ಒಂದು ಫಾರಂ ಅನ್ನುತ್ತಾರೆ. ಫಾರಂಗಳನ್ನು ಸಾಲಾಗಿ ಪೇರಿಸಿ ಹೊಲಿದರೆ ಪುಸ್ತಕ. ಬೈಂಡಿಂಗ್ ಮಾಡಿದವರು ನನ್ನ ಪ್ರತಿಗೆ ಹನ್ನೊಂದನೆಯ ಫಾರಂ ಎರಡು ಹಾಕಿ ಹನ್ನೆರಡನೆಯದನ್ನು ಕೈಬಿಟ್ಟಿದ್ದರು. ಬೇರೆ ಯಾವುದೇ ಫಾರಂ ಹೋಗಿದ್ದರೂ ಕ್ಷಮಿಸಬಹುದಿತ್ತು. 193ರಲ್ಲಿ ಇನ್‌ಸ್ಪೆಕ್ಟರು 'ಇಷ್ಟೇ ನೋಡಿ' ಅಂತ ಟೋಪಿ ಹಾಕಿಕೊಳ್ಳುತ್ತಿದ್ದಾರೆ. ಉಳಿದವರು 'ಅವನು ಹೀಗೆ ಮಾಡ್ತಾನೆ ಅಂತ ಯಾರು ಅಂದುಕೊಂಡಿದ್ದರು' ಅಂತ ನಿಟ್ಟುಸಿರು ಬಿಡುತ್ತಿದ್ದಾರೆ. ಎಲ್ಲರ ಬಾಯಲ್ಲೂ 'ಅವನು'. ಒಬ್ಬರಾದರೂ ಹೆಸರು ಹೇಳಬಾರದಾ?

ಆ ರಾತ್ರಿ ನಾನೇ ತನಿಖೆ ಕೈಗೆತ್ತಿಕೊಂಡೆ. ಮತ್ತೆ ಮೊದಲಿನಿಂದ ಓದಿದಾಗ ಸಿಕ್ಕಿಬಿದ್ದವನು ಮಾಲಿ. ಮಳೆ ಸುರಿದ ದಿನ ಅವನು ಗಿಡಗಳಿಗೆ ನೀರು ಹಾಕುತ್ತಿದ್ದ. ಇದಕ್ಕಿಂತ ಸಾಕ್ಷಿ ಬೇಕಾ? ಒಂದು ಕಾದಂಬರಿಯನ್ನು ಅಷ್ಟು ಅಕ್ಕರೆಯಿಂದ, ಒಂದು ಕಾಮಾವನ್ನೂ ಬಿಡದೆ ಓದಿದ್ದು ಅದೇ ಮೊದಲು. ಬೈಂಡಿಂಗಿನವರಿಗೂ ಒಂದು ಥ್ಯಾಂಕ್ಸ್ ಸಲ್ಲಬೇಕು.

ಆಮೇಲೆ ಗ್ರಂಥಾಲಯದಲ್ಲಿ ಇನ್ನೊಂದು ಪ್ರತಿ ಸಿಕ್ಕಿತು. ಹಳೆಯದು, ಹಳದಿ ತಿರುಗಿದ್ದು. ಮರದ ತಿರುಳಿನಿಂದ ಮಾಡಿದ ಕಾಗದದಲ್ಲಿ ಲಿಗ್ನಿನ್ ಅನ್ನುವ ವಸ್ತು ಇರುತ್ತದೆ. ವರ್ಷ ಕಳೆದಂತೆ ಅದು ಒಡೆದು ಹಾಳೆ ಹಳದಿಯಾಗುತ್ತದೆ, ಜೊತೆಗೆ ವೆನಿಲಾದಂಥ ಸಣ್ಣ ಪರಿಮಳ ಬಿಡುತ್ತದೆ. ಕಾಗದ ಸಾಯುವ ವಾಸನೆಯನ್ನು ನಾವು ಕಣ್ಣು ಮುಚ್ಚಿ ಸವಿಯುತ್ತೇವೆ ಅನ್ನಿ. ಹಾಗೇ ಮೂಗಿಗೆ ಹಿಡಿದು, ಮನಸಾರೆ ಎಳೆದುಕೊಂಡು, ಮೊದಲ ಪುಟ ತೆರೆದೆ. ವಕೀಲರು ಕಥೆಗೆ ಕಾಲಿಡುವ ಸಾಲಿನ ಕೆಳಗೆ ಹಿಂದಿನ ಓದುಗರೊಬ್ಬರು ನೀಲಿ ಇಂಕಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ದಪ್ಪಗೆ ಬರೆದಿದ್ದರು: 'ಇವನೇ.'

ಮಾಲಿಯೇ ಮಾಡಿದ್ದು ಅಂತ ನನಗೆ ಈಗಲೂ ಅನಿಸುತ್ತದೆ.

ಈ ಸುಖಗಳಲ್ಲೆಲ್ಲ ನನಗೆ ಜಾಸ್ತಿ ದಕ್ಕಿರುವುದು ಮರೆವು. ಒಳ್ಳೆಯ ನೆನಪಿನ ಶಕ್ತಿ ಇರುವವರಿಗೆ ಒಂದು ಪುಸ್ತಕ ಒಂದೇ ಸಲ ಹೊಸದು, ನನಗೆ ಹಾಗೇನಿಲ್ಲ. ಮೊನ್ನೆ ಕಪಾಟಿನಿಂದ ಪ್ರಬಂಧಗಳ ಪುಸ್ತಕವೊಂದನ್ನು ತೆಗೆದು, ಇಷ್ಟು ದಿನ ಇದನ್ನು ಯಾಕೆ ಓದಿರಲಿಲ್ಲ ಅಂತ ಹಳಹಳಿಸುತ್ತಾ ಅರ್ಧ ಮುಗಿಸಿದ್ದೆ. ಆಗ ಒಂದು ಸಾಲಿನ ಪಕ್ಕದಲ್ಲಿ ಪೆನ್ಸಿಲಿನ ಬರಹ ಕಾಣಿಸಿತು. ನನ್ನದೇ ಅಕ್ಷರ. 'ಹೌದು! ಹೌದು!' ಅಂತ ಎರಡು ಸಲ ಬರೆದಿದ್ದೇನೆ. ಆ ಸಾಲನ್ನು ಹಿಂದೆ ಮುಂದೆ ಓದಿದೆ. ಹವಾಮಾನದ ಬಗ್ಗೆ ಇತ್ತು. ಯಾವುದಕ್ಕೆ ಅಷ್ಟು ಜೋರಾಗಿ ತಲೆಯಾಡಿಸಿದ್ದೆನೋ ಗೊತ್ತಾಗಲಿಲ್ಲ. ಪೆನ್ಸಿಲ್ ಹುಡುಕಿ ತಂದು, ಅದರ ಕೆಳಗೆ 'ಏನು ಹೌದು?' ಅಂತ ಬರೆದಿಟ್ಟಿದ್ದೇನೆ. ಮುಂದಿನ ಸಲ ಓದುವಾಗ ಉತ್ತರ ಹೊಳೆದರೂ ಹೊಳೆಯಬಹುದು, ಜಾಗವಂತೂ ಬಿಟ್ಟಿದ್ದೇನೆ.